ಮೈದಾನಕ್ಕೆ ಬೇಲಿ ಹಾಕಿದವರು ಯಾರು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ, ದಕ್ಷಿಣ ಆಫ್ರಿಕಾದ ಕ್ರೀಡೆಯಲ್ಲಿದ್ದ ವರ್ಣಭೇದದ ವಿರುದ್ಧ ಹೋರಾಡಿದ ಡೆನ್ನಿಸ್ ಬ್ರೂಟಸ್ ಅವರ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಮೂರು ಪುಟಗಳ ಪತ್ರ ಕೈಸೇರಿದೆ. "ಈ ಎಡಪಂಥೀಯನ ಹಟಕ್ಕೆ ಬ್ಯಾರಿ ರಿಚರ್ಡ್ಸ್‌ನಂಥ ಬ್ಯಾಟ್ಸ್‌ಮನ್ ಬಲಿಯಾದ. ಆಟದಲ್ಲಿ ರಾಜಕೀಯ ಬೆರೆಸಿದವನನ್ನು ನೀವು ಹಾಡಿ ಹೊಗಳುತ್ತೀರಿ. ಎಲ್ಲ ಮುಗಿದ ಮೇಲೆ ಹಳೆಯದನ್ನು ಕೆದಕುವುದೇಕೆ?" ಎಂಬುದು ಅದರ ಸಾರ. ನಿಮ್ಮ ಸಿಟ್ಟಿನ ಹಿಂದೆ ಕ್ರಿಕೆಟ್ಟಿನ ಮೇಲಿನ ನಿಜವಾದ ಪ್ರೀತಿ ಕಾಣುತ್ತದೆ. ಹಾಗಾಗಿ ಎರಡು ಸಾಲಿನ ವಂದನೆ ಹೇಳಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ರಿಚರ್ಡ್ಸ್ ವಿಷಯದಲ್ಲಿ ನಿಮ್ಮ ಸಂಕಟ ನನ್ನದೂ ಹೌದು. ದಕ್ಷಿಣ ಆಫ್ರಿಕಾದ ಪರ ಅವರು ಆಡಿದ್ದು ನಾಲ್ಕೇ ಟೆಸ್ಟ್, ಗಳಿಸಿದ್ದು 508 ರನ್. 1970ರ ಆಸ್ಟ್ರೇಲಿಯ ಸರಣಿಯ ನಂತರ, ವರ್ಣಭೇದ ನೀತಿಗಾಗಿ ಅವರ ದೇಶಕ್ಕೆ ಬಹಿಷ್ಕಾರ ಬಿದ್ದದ್ದರಿಂದ, ಟೆಸ್ಟ್ ಬಾಗಿಲು ಅವರಿಗೆ ಮತ್ತೆ ತೆರೆಯಲೇ ಇಲ್ಲ. ನಮ್ಮ ಲೇಖನ ಇದನ್ನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿತು, ತಪ್ಪು ನಮ್ಮದು. ಆದರೆ ನಾಲ್ಕು ಟೆಸ್ಟ್ ಇರಲಿ, ಬಿಳಿಯರ ಕ್ಲಬ್ಬಿನ ಅಂಗಳಕ್ಕೂ ಆಟಗಾರರಾಗಿ ಕಾಲಿಡಲಾಗದವರ ಲೆಕ್ಕವನ್ನು ನೀವು ಬಿಟ್ಟಿರಿ. ಅವರ ಪೈಕಿ ಎಷ್ಟು ಮಂದಿ ರಿಚರ್ಡ್ಸ್‌ಗಳಿದ್ದರೋ, ಅಂಕಿಅಂಶದ ಪುಸ್ತಕ ಹೇಳುವುದಿಲ್ಲ.

ಬ್ರೂಟಸ್ ಹುಟ್ಟಿದ್ದು 1924ರಲ್ಲಿ, ಇಂದಿನ ಹರಾರೆಯಲ್ಲಿ. ಬೆಳೆದದ್ದು ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ. ಸರ್ಕಾರ ಅವರನ್ನು 'ಕಲರ್ಡ್', ಅಂದರೆ ಮಿಶ್ರ ಮೂಲದವರು, ಎಂಬ ಪಟ್ಟಿಗೆ ಸೇರಿಸಿತ್ತು. ಶಾಲಾ ಮೇಷ್ಟರು, ಕವಿ. ಹೋರಾಟ ಶುರುವಾದದ್ದು ನೀರಸ ಎನಿಸುವ ರೀತಿಯಲ್ಲಿ. ಒಲಿಂಪಿಕ್ ಸನ್ನದು ಭೇದಭಾವವನ್ನು ನಿಷೇಧಿಸುತ್ತದೆ, ತಮ್ಮ ದೇಶದ ಒಲಿಂಪಿಕ್ ತಂಡಕ್ಕೋ ಬಿಳಿಯರೇ ಆಯ್ಕೆಯಾಗುತ್ತಾರೆ. ಹಾಗಾದರೆ ನಿಮ್ಮ ನಿಯಮವನ್ನು ನೀವೇ ಪಾಲಿಸಿ ಎಂದು ಅವರು ಕೇಳಿದರು, ಅಷ್ಟೇ. 1958ರಲ್ಲಿ ದಕ್ಷಿಣ ಆಫ್ರಿಕಾ ಕ್ರೀಡಾ ಸಂಘ ಕಟ್ಟಿದರು, ಮುಂದೆ ವರ್ಣಭೇದವಿಲ್ಲದ ಒಲಿಂಪಿಕ್ ಸಮಿತಿಯನ್ನೂ ಕಟ್ಟಿದರು.

ಹಟದ ಮಾತು ಎತ್ತಿದ್ದೀರಿ. ಅದಕ್ಕೆ ನೀವು ಬರೆಯದ ಒಂದು ಉದಾಹರಣೆಯನ್ನು ನಾನೇ ಒದಗಿಸುತ್ತೇನೆ. 1959ರಲ್ಲಿ ಫ್ರಾಂಕ್ ವೊರೆಲ್ ಅವರ ವೆಸ್ಟ್ ಇಂಡೀಸ್ ತಂಡ ಅಲ್ಲಿಗೆ ಬಂದು ಬಿಳಿಯರಲ್ಲದವರೊಂದಿಗೆ ಆಡುವ ಏರ್ಪಾಡಾಗಿತ್ತು. ಆತಿಥೇಯ ತಂಡಕ್ಕೆ, ತಾನೂ 'ಕಲರ್ಡ್' ಪಟ್ಟಿಯಲ್ಲಿದ್ದ ಬೇಸಿಲ್ ಡಿಒಲಿವೆರಾ ನಾಯಕ. ಬೇರೆ ಬೇರೆ ಪಂಕ್ತಿಯಲ್ಲಿ ಆಡಲು ಒಪ್ಪಿದರೆ ಪಂಕ್ತಿಭೇದವನ್ನೇ ಒಪ್ಪಿದಂತೆ ಎಂದು ಬ್ರೂಟಸ್ ಮತ್ತು ಸಂಗಡಿಗರು ವಿರೋಧಿಸಿದರು, ಪ್ರವಾಸ ರದ್ದಾಯಿತು. ಡಿಒಲಿವೆರಾಗೆ ಬಹಳ ನೋವಾಯಿತು. ಸರಿಯೋ ತಪ್ಪೋ ಎಂದು ನಾನು ಇಂದಿಗೂ ತೂಗಿನೋಡುತ್ತೇನೆ. ಆದರೆ ಬಹಿಷ್ಕಾರದ ಬೆಲೆಯನ್ನು ಬಿಳಿಯರಿಂದ ಮಾತ್ರ ವಸೂಲಿ ಮಾಡಿದರು ಎಂದು ಯಾರೂ ಹೇಳುವಂತಿಲ್ಲ. ಅದೇ ಡಿಒಲಿವೆರಾ ಇಂಗ್ಲೆಂಡಿಗೆ ಹೋಗಿ, 1968ರಲ್ಲಿ ಓವಲ್‌ನಲ್ಲಿ 158 ರನ್ ಹೊಡೆದು, ಇಂಗ್ಲೆಂಡಿನ ದಕ್ಷಿಣ ಆಫ್ರಿಕಾ ಪ್ರವಾಸದ ತಂಡಕ್ಕೆ ಕೊನೆಗೂ ಸೇರಿದಾಗ, ಆ ತಂಡ ಬರುವುದೇ ಬೇಡ ಎಂದವರು ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್. ಆಟದಲ್ಲಿ ರಾಜಕೀಯ ಬೆರೆಸಿದ್ದು ಯಾರು ಎಂದು ನೀವೇ ಹೇಳಿ.

ಸಭೆಗಳಿಗೆ ಹೋಗಬಾರದೆಂಬ ನಿರ್ಬಂಧ ಬ್ರೂಟಸ್ ಮೇಲಿತ್ತು. 1963ರಲ್ಲಿ ಒಲಿಂಪಿಕ್ ಅಧಿಕಾರಿಗಳನ್ನು ಕಾಣಲು ಹೋಗಿ ಬಂಧಿತರಾದರು. ಜಾಮೀನು ಮುರಿದು ಸ್ವಾಜಿಲ್ಯಾಂಡ್ ದಾರಿಯಾಗಿ ಮೊಜಾಂಬಿಕ್ ಸೇರಿದರೆ, ಪೋರ್ಚುಗೀಸ್ ಪೊಲೀಸರು ಹಿಡಿದು ವಾಪಸು ಒಪ್ಪಿಸಿದರು. ಜೊಹಾನೆಸ್‌ಬರ್ಗ್‌ನಲ್ಲಿ ತಪ್ಪಿಸಿಕೊಂಡು ಓಡುವಾಗ ಬೆನ್ನಿಗೆ ಗುಂಡು ಬಿತ್ತು. ರಕ್ತ ಹರಿಯುತ್ತಾ ರಸ್ತೆಯಲ್ಲಿ ಬಿದ್ದಿದ್ದರು. ಆಂಬುಲೆನ್ಸ್ ಬಂತು. ಬಂದವರು ನೋಡಿದರು: ಬಿದ್ದಿರುವವನು ಬಿಳಿಯನಲ್ಲ, ಗಾಡಿಯೋ ಬಿಳಿಯರದು. ಹೊರಟುಹೋದರು. 'ಕಲರ್ಡ್' ಜನರ ಆಂಬುಲೆನ್ಸ್ ಬರುವವರೆಗೆ ಅವರು ಅಲ್ಲೇ ಬಿದ್ದಿರಬೇಕಾಯಿತು.

ಬದುಕಿದರು. ರಾಬೆನ್ ದ್ವೀಪದ ಜೈಲಿನಲ್ಲಿ, ಮಂಡೇಲಾ ಅವರಿದ್ದ ವಿಭಾಗದಲ್ಲೇ ಕಲ್ಲು ಒಡೆದರು. 1964ರ ಟೋಕಿಯೊ ಒಲಿಂಪಿಕ್ಸ್‌ನಿಂದ ತಮ್ಮ ದೇಶವನ್ನು ಹೊರಗಿಟ್ಟ ಸುದ್ದಿ ಅವರಿಗೆ ತಲುಪಿದ್ದು ಅಲ್ಲೇ. 1966ರಲ್ಲಿ, ಮರಳಿ ಬರುವಂತಿಲ್ಲ ಎಂಬ ಷರತ್ತಿನ ಪರವಾನಗಿ ಹಿಡಿದು ಲಂಡನ್ನಿಗೆ ಹೋದರು, ಅಲ್ಲಿಂದ ಮುಂದೆ ಅಮೆರಿಕಕ್ಕೆ. 1970ರಲ್ಲಿ ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ಇಂಗ್ಲೆಂಡ್ ಪ್ರವಾಸ ರದ್ದಾಯಿತು. ಅದೇ ವರ್ಷ ಒಲಿಂಪಿಕ್ ಸಮಿತಿ ದಕ್ಷಿಣ ಆಫ್ರಿಕಾವನ್ನು ಉಚ್ಚಾಟಿಸಿತು. ನಮ್ಮ ದೇಶವೂ 1974ರ ಡೇವಿಸ್ ಕಪ್ ಫೈನಲ್ಲಿನಲ್ಲಿ ಅವರೆದುರು ಆಡಲೊಪ್ಪದೆ ಕಪ್ಪನ್ನೇ ಬಿಟ್ಟುಕೊಟ್ಟಿತು.

ಇನ್ನು ನಿಮ್ಮ ರಿಚರ್ಡ್ಸ್ ಏನು ಮಾಡಿದರು ಗೊತ್ತೇ? 1971ರ ಏಪ್ರಿಲ್‌ನಲ್ಲಿ ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಒಂದು ಚೆಂಡು ಆಡಿದ ಮೇಲೆ ಬಿಳಿಯ ಆಟಗಾರರು ಹೊರನಡೆದರು, ಆಯ್ಕೆ ಬಣ್ಣದ ಮೇಲಲ್ಲ, ಅರ್ಹತೆಯ ಮೇಲೆ ನಡೆಯಲಿ ಎಂದು. ಅವರಲ್ಲಿ ರಿಚರ್ಡ್ಸ್ ಇದ್ದರು, ಗ್ರೇಮ್ ಪೊಲಾಕ್ ಇದ್ದರು. ಬಾಗಿಲಿಗೆ ಅಗುಳಿ ಹಾಕಿದ್ದು ಯಾರೆಂದು ಅವರಿಗಂತೂ ತಿಳಿದಿತ್ತು.

'ಎಡಪಂಥೀಯ' ಎಂಬುದನ್ನು ನೀವು ಬೈಗುಳದಂತೆ ಬಳಸಿದ್ದೀರಿ. ಬ್ರೂಟಸ್ ಅದನ್ನು ಬಚ್ಚಿಟ್ಟವರಲ್ಲ. ವರ್ಣಭೇದ ನೀತಿ ಬಿದ್ದ ಮೇಲೂ ವಿಶ್ವಬ್ಯಾಂಕಿನ ವಿರುದ್ಧ ಬೀದಿಗಿಳಿದರು, ಮಂಡೇಲಾ ಪಕ್ಷದ ಸರ್ಕಾರವನ್ನೂ ಬಿಡಲಿಲ್ಲ.

ಹಳೆಯದನ್ನು ಕೆದಕುವ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಿದ್ದಾರೆ. 2007ರಲ್ಲಿ ದಕ್ಷಿಣ ಆಫ್ರಿಕಾದ ಕ್ರೀಡಾ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಸಮಾರಂಭದಲ್ಲೇ ಅದನ್ನು ನಿರಾಕರಿಸಿದರು. ವರ್ಣಭೇದದ ಕ್ರೀಡೆಯನ್ನು ಎತ್ತಿಹಿಡಿದವರನ್ನೂ ಅದಕ್ಕೆ ಬಲಿಯಾದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು ಎಂಬುದು ಅವರ ವಾದ. ಆಗ ಅವರಿಗೆ 83 ವರ್ಷ. ಎರಡು ವರ್ಷಗಳ ನಂತರ ತೀರಿಕೊಂಡರು.

ನಿಮ್ಮ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಇದೇ ಸಂಚಿಕೆಯಲ್ಲಿ ಅಚ್ಚುಹಾಕಿದ್ದೇವೆ. ರಿಚರ್ಡ್ಸ್ ಆಡಿದ ಆ ನಾಲ್ಕು ಟೆಸ್ಟ್‌ಗಳ ಬಗ್ಗೆ ನೀವೇ ಒಂದು ಲೇಖನ ಕಳಿಸಿ. ಎರಡು ಪುಟ ತೆಗೆದಿಟ್ಟಿರುತ್ತೇನೆ.

— ಸಂಪಾದಕ