ಓದುಗರ ಪ್ರಶ್ನೆ, ನಮ್ಮ ಉತ್ತರ: ಫಿರಂಗಿ ಹಿಂದೆ ಕೂತು ಲೆಕ್ಕ ಹಾಕುವವರು

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗ ಅಮೆರಿಕದಲ್ಲಿದ್ದಾನೆ. ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ ಅಲ್ಲಿನ ಆರ್ಮಿ ನ್ಯಾಷನಲ್ ಗಾರ್ಡ್ ಸೇರಿದ. ವಾರವಿಡೀ ಆಫೀಸ್ ಕೆಲಸ, ತಿಂಗಳಿಗೊಮ್ಮೆ ಶನಿವಾರ, ಭಾನುವಾರ ಸೈನ್ಯ. ಇಷ್ಟು ದಿನ ಸ್ಟೋರಿನಲ್ಲಿದ್ದ. ಈಗ ಫಿರಂಗಿ ದಳಕ್ಕೆ ಬದಲಾಗಿ ‘ಫೈರ್ ಡೈರೆಕ್ಷನ್’ ಕಲಿಯಲು ಹೋಗುತ್ತಾನಂತೆ. ಅವನೇ ಫಿರಂಗಿ ಹೊಡೆಯಬೇಕಾ? ಕೆಲವೇ ವಾರದ ತರಬೇತಿ ಸಾಕಾ? ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ, ಪೆರ್ಲ

ಉತ್ತರ: ಅಮ್ಮಾ, ನಿಮ್ಮ ಮಗ ಫಿರಂಗಿ ಹೊಡೆಯುವುದಿಲ್ಲ. ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಕೊಳವೆ ತಿರುಗಿಸಬೇಕು, ಎಷ್ಟು ಮದ್ದು ಹಾಕಬೇಕು ಅಂತ ಲೆಕ್ಕ ಹಾಕಿ ಹೇಳುವವನು. ಅಮೆರಿಕದ ಸೈನ್ಯದಲ್ಲಿ ಈ ಕೆಲಸಕ್ಕೆ ‘13ಜೆ’ ಅಂತ ಗುರುತು, ಫೈರ್ ಕಂಟ್ರೋಲ್ ಸ್ಪೆಷಲಿಸ್ಟ್ ಅಂತ ಹೆಸರು. ನಮ್ಮ ಸೈನ್ಯದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಅನ್ನುತ್ತೇವೆ. ನಾನೂ ಕಮಾಂಡ್ ಪೋಸ್ಟಿನಲ್ಲಿ ಇದೇ ಕೆಲಸ ಮಾಡಿದವನು, ಹಾಗಾಗಿ ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮೂರಿನಲ್ಲೇ ಇಟ್ಟು ನೋಡೋಣ. ಫಿರಂಗಿ ಬದಿಯಡ್ಕದಲ್ಲಿದೆ ಅಂತಿಟ್ಟುಕೊಳ್ಳಿ. ಗುರಿ ಕುಂಬಳೆ ಎದುರಿನ ಕಡಲಲ್ಲಿ ನಿಲ್ಲಿಸಿದ ಒಂದು ಖಾಲಿ ತೆಪ್ಪ. ನಡುವೆ ಗುಡ್ಡ, ತೋಟ, ಸುಮಾರು 15 ಕಿಲೋಮೀಟರ್ ದೂರ. ಫಿರಂಗಿಯವರಿಗೆ ತೆಪ್ಪ ಕಾಣುವುದೇ ಇಲ್ಲ. ಅದನ್ನು ನೋಡುವವನು ಪೊಸಡಿ ಗುಂಪೆ ಗುಡ್ಡದ ಮೇಲೆ ದುರ್ಬೀನು ಹಿಡಿದು ಕೂತಿದ್ದಾನೆ. ಅವನು ರೇಡಿಯೋದಲ್ಲಿ ಗುರಿಯ ಜಾಗ ಹೇಳುತ್ತಾನೆ. ಮೊದಲ ಶೆಲ್ (ಫಿರಂಗಿ ಗುಂಡು) ತೆಪ್ಪಕ್ಕಿಂತ ಈಚೆ ಬಿತ್ತು, ‘ಆಡ್ 400’ ಅನ್ನುತ್ತಾನೆ, ಅಂದರೆ 400 ಮೀಟರ್ ಜಾಸ್ತಿ ಮಾಡಿ ಅಂತ. ಎರಡನೆಯದು ಆಚೆ ಬಿತ್ತು, ‘ಡ್ರಾಪ್ 200’. ಹೀಗೆ ಆಚೆ ಈಚೆ ಮಾಡಿ ಅಂತರ ಕಡಿಮೆ ಮಾಡುತ್ತಾ ಬಂದು, ಸರಿಯಾಯಿತು ಅನಿಸಿದಾಗ ‘ಫೈರ್ ಫಾರ್ ಎಫೆಕ್ಟ್’, ಅಂದರೆ ಇನ್ನು ಗುರಿಗೇ ಹೊಡೆಯಿರಿ ಅಂತ.

ಈಗ ನಿಮ್ಮ ಮಗನ ಕೆಲಸ ನೋಡಿ. ಗುಂಪೆಯವನು ನೈರುತ್ಯಕ್ಕೆ ಮುಖ ಮಾಡಿ ಕೂತಿದ್ದಾನೆ. ಫಿರಂಗಿಯ ಮುಖ ಪಡುವಣಕ್ಕೆ. ಅವನು ‘ಎಡಕ್ಕೆ 100’ ಅಂದರೆ ಫಿರಂಗಿಗೆ ಅದು ಬರೀ ಎಡ ಅಲ್ಲ, ಸ್ವಲ್ಪ ಎಡ, ಸ್ವಲ್ಪ ಹತ್ತಿರ. ಗುಂಪೆಯವನ ಎಡವನ್ನು ಫಿರಂಗಿಯ ಲೆಕ್ಕಕ್ಕೆ ನಿಮ್ಮ ಮಗ ತಿರುಗಿಸಿ ಕೊಡಬೇಕು, ಅದೂ ಬೇಗ. ಅಷ್ಟೇ ಅಲ್ಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮದ್ದು ಬಿಸಿಯಾಗಿದೆಯಾ ತಣ್ಣಗಿದೆಯಾ, ಕೊಳವೆ ಎಷ್ಟು ಸವೆದಿದೆ, ಶೆಲ್ಲಿನ ತೂಕ ಎಷ್ಟು, ಗುರಿ ಫಿರಂಗಿಗಿಂತ ಮೇಲಿದೆಯಾ ಕೆಳಗಿದೆಯಾ ಎಲ್ಲವನ್ನೂ ಸೇರಿಸಬೇಕು. ಭೂಮಿ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ! 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಬೋಫೋರ್ಸ್‌ಗಳು ಹೊಡೆದದ್ದು ತೆಳು ಗಾಳಿಯಲ್ಲಿ. ಅಲ್ಲಿ ಶೆಲ್ ಬಯಲಿಗಿಂತ ಜಾಸ್ತಿ ದೂರ ಹೋಗುತ್ತದೆ, ಬಯಲಿನ ಲೆಕ್ಕ ಹಾಗೇ ನಡೆಯುವುದಿಲ್ಲ.

ಒಂದು ತಪ್ಪು ಎಷ್ಟು ದೊಡ್ಡದು ಅಂತ ಕೇಳಿ. ಕೋನ ಅಳೆಯಲು ಫಿರಂಗಿಯವರು ಮಿಲ್ ಬಳಸುತ್ತಾರೆ, ಒಂದು ಸುತ್ತಿಗೆ 6400 ಮಿಲ್. 15 ಕಿಲೋಮೀಟರ್ ದೂರದಲ್ಲಿ ಒಂದು ಮಿಲ್ ತಪ್ಪಿದರೆ ಶೆಲ್ ಸುಮಾರು 15 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಅದು ಸರಿ ಮಾಡುವಂಥದ್ದು. ಆದರೆ ದಿಕ್ಕು 4950 ಮಿಲ್ ಅಂತ ಹೇಳುವಲ್ಲಿ ಅಂಕೆ ಅದಲು ಬದಲಾಗಿ 4590 ಅಂದರೆ? ತೆಪ್ಪಕ್ಕೆ ಹೋಗಬೇಕಾದ ಶೆಲ್ 5 ಕಿಲೋಮೀಟರಿಗೂ ಜಾಸ್ತಿ ತೆಂಕಕ್ಕೆ, ಮೊಗ್ರಾಲ್ ಪುತ್ತೂರು ಕಡೆ ಹೋಗುತ್ತದೆ. 155 ಮಿಲಿಮೀಟರಿನ ಒಂದು ಶೆಲ್ ಅಂದರೆ 43 ಕಿಲೋ ತೂಕ ಅಮ್ಮಾ. ಅಲ್ಲಿ ನಮ್ಮವರೇ ಇರಬಹುದು, ಊರಿನ ಮಕ್ಕಳಿರಬಹುದು.

ಹಾಗಾಗಿ ಈ ತರಬೇತಿಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಗಣಿತವನ್ನಲ್ಲ, ಇನ್ನೊಬ್ಬನಿಂದ ಪರೀಕ್ಷೆ ಮಾಡಿಸಿಕೊಳ್ಳುವ ಅಭ್ಯಾಸವನ್ನು. ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು, ಎರಡೂ ತಾಳೆ ಆಗಬೇಕು. ಅಂಕೆಗಳನ್ನು ಒಂದೊಂದಾಗಿ ಓದಿ ಹೇಳಬೇಕು, ಫಿರಂಗಿಯವನು ಹಾಗೇ ತಿರುಗಿ ಓದಿ ಹೇಳಬೇಕು. ಮಳೆಯಲ್ಲಿ, ಕತ್ತಲಲ್ಲಿ, ನಿದ್ದೆಗೆಟ್ಟು, ಮೇಲಿನವರು ಬೇಗ ಬೇಗ ಅಂತ ಕಿರುಚುವಾಗಲೂ. ‘ನಿಲ್ಲಿಸಿ, ಇದು ತಾಳೆ ಆಗ್ತಿಲ್ಲ’ ಅಂತ ಅಧಿಕಾರಿಯ ಮುಖ ನೋಡಿ ಹೇಳುವ ಧೈರ್ಯ ಹುಡುಗನಿಗೆ ಬಂದರೆ ಅವನು ಕಲಿತ ಹಾಗೆ.

ಕೆಲವು ವಾರ ಸಾಕಾ ಅಂತ ಕೇಳಿದ್ದೀರಿ. ಹೊಸದಾಗಿ ಸೇರುವವರು ಒಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿ ಕಲಿಯುತ್ತಾರೆ, ಅಮೆರಿಕದ ಫಿರಂಗಿ ಶಾಲೆ ಅಲ್ಲೇ ಇದೆ. ನಿಮ್ಮ ಮಗನ ಹಾಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಗುವವರಿಗೆ ನ್ಯಾಷನಲ್ ಗಾರ್ಡ್‌ನ ಸ್ವಂತ ತರಬೇತಿ ಕೇಂದ್ರಗಳಿವೆ, ಅಲ್ಲಿ ಕೋರ್ಸ್ ಚಿಕ್ಕದು. ಕಲಿಯಲು ಅದು ಸಾಕು. ಆದರೆ ಕಲಿತದ್ದು ಉಳಿಯಲು ಸಾಲದು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರದ ಕ್ಯಾಂಪ್, ನಡುವೆ ಆಫೀಸು, ಮನೆ. ಕೈ ಮರೆತುಬಿಡುತ್ತದೆ. ಪ್ರತಿ ವಾರ ಒಂದೆರಡು ಲೆಕ್ಕ ಮನೆಯಲ್ಲೇ ಕೂತು ಮಾಡು ಅಂತ ಹೇಳಿ ಅವನಿಗೆ. ಜೊತೆಯವನಿಗೆ ಫೋನ್ ಮಾಡಿ ಉತ್ತರ ತಾಳೆ ನೋಡಲಿ. ಸ್ಟೋರಿನಲ್ಲಿ ಇದ್ದವನಲ್ವಾ, ಪಟ್ಟಿ ನೋಡಿ ಎಣಿಸಿ ಸಹಿ ಹಾಕುವ ಶಿಸ್ತು ಇರುತ್ತದೆ, ಅದು ಇಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಫಿರಂಗಿ ಹೊಡೆದ ಜಾಗವನ್ನು ರಾಡಾರ್ ಹಿಡಿದು ಕಂಡುಹಿಡಿಯುವ ಕಾಲ ಇದು, ಅದಕ್ಕೇ ಹೊಡೆದ ಕೂಡಲೇ ಜಾಗ ಬದಲಿಸುತ್ತಾರೆ. ಆದರೆ ತರಬೇತಿಗೆ ಹೋಗುವ ಮಗನ ಬಗ್ಗೆ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಸರ್, ಈಗ ಎಲ್ಲ ಕಂಪ್ಯೂಟರೇ ಮಾಡುತ್ತದಲ್ವಾ? ಮತ್ತೆ ಚಾರ್ಟು, ಕೋಷ್ಟಕ, ಪೆನ್ಸಿಲ್ ಅಂತ ಯಾಕೆ ಕಲಿಸುತ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿ, ಕಾಸರಗೋಡು

ಉತ್ತರ: ತಮ್ಮಾ, ಎಷ್ಟು ದೂರಕ್ಕೆ ಕೊಳವೆ ಎಷ್ಟು ಎತ್ತರ ಇರಬೇಕು ಅಂತ ತೋರಿಸುವ ಈ ಕೋಷ್ಟಕದ ಪಾಲು ಕಂಪ್ಯೂಟರ್ ಹುಟ್ಟಿದ್ದರಲ್ಲಿ ದೊಡ್ಡದು. 1946ರಲ್ಲಿ ಜನರ ಮುಂದೆ ಬಂದ ಎನಿಯಾಕ್ ಯಂತ್ರವನ್ನು ಅಮೆರಿಕದ ಸೈನ್ಯ ಮಾಡಿಸಿದ್ದು ಫಿರಂಗಿ ಕೋಷ್ಟಕ ತಯಾರಿಸಲಿಕ್ಕೆ. ಅದಕ್ಕೆ ಮೊದಲು ಗಣಿತ ಕಲಿತ ಹೆಣ್ಣುಮಕ್ಕಳು ಕೂತು ಲೆಕ್ಕ ಹಾಕುತ್ತಿದ್ದರು, ಒಂದು ಶೆಲ್ಲಿನ ದಾರಿಗೆ ಸುಮಾರು 20 ಗಂಟೆ ಹಿಡಿಯುತ್ತಿತ್ತು. ಯಂತ್ರ ಅದನ್ನು 30 ಸೆಕೆಂಡಿಗೆ ಇಳಿಸಿತು.

ಈಗ ಈ ಲೆಕ್ಕಕ್ಕೆ ಅಮೆರಿಕದವರಲ್ಲಿ ಅಫಟಾಡ್ಸ್, ನಮ್ಮಲ್ಲಿ ಬಿಇಎಲ್‌ನ (ಭಾರತ್ ಎಲೆಕ್ಟ್ರಾನಿಕ್ಸ್) ಶಕ್ತಿ ಎಂಬ ಕಂಪ್ಯೂಟರ್ ವ್ಯವಸ್ಥೆ ಇದೆ. ಕೆಲಸ ಬೇಗ ಆಗುತ್ತದೆ, ಬೇಡ ಅನ್ನುವವನು ನಾನಲ್ಲ. ಆದರೆ ನೀನು ಗುರಿಯ ಜಾಗ ತಪ್ಪು ಒತ್ತಿದರೆ ಅದು ತಪ್ಪು ಜಾಗಕ್ಕೇ ಬಹಳ ಸರಿಯಾದ ಉತ್ತರ ಕೊಡುತ್ತದೆ. ಕೈಯಲ್ಲಿ ಚಾರ್ಟು ಹಾಕಿ ಕಲಿತವನಿಗೆ ಪರದೆಯ ಮೇಲಿನ ಅಂಕೆ ನೋಡಿದ ಕೂಡಲೇ ‘ಇಷ್ಟು ದೂರಕ್ಕೆ ಇಷ್ಟು ಎತ್ತರ ಬರಲಿಕ್ಕಿಲ್ಲ’ ಅಂತ ಗೊತ್ತಾಗುತ್ತದೆ. ಬರೀ ಬಟನ್ ಕಲಿತವನಿಗೆ ಗೊತ್ತಾಗುವುದಿಲ್ಲ. ಬ್ಯಾಟರಿ ಮುಗಿದ ದಿನದ ಮಾತು ಬೇರೆಯೇ.

ಪ್ರಶ್ನೆ: ಉದ್ಯೋಗದಲ್ಲಿದ್ದುಕೊಂಡೇ ಸೈನ್ಯ ಸೇರುವುದು ನಮ್ಮ ದೇಶದಲ್ಲೂ ಉಂಟಾ? ಈ ಲೆಕ್ಕದ ಕೆಲಸ ಸಿಗುತ್ತದಾ?
– ಓದುಗರು, ಮಂಜೇಶ್ವರ

ಉತ್ತರ: ಉಂಟು. 1949ರಿಂದ ಟೆರಿಟೋರಿಯಲ್ ಆರ್ಮಿ ಇದೆ. ನಟ ಮೋಹನ್‌ಲಾಲ್ 2009ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆದದ್ದು ಇದರಲ್ಲೇ. ಸೇರಲು ವಯಸ್ಸು 18ರಿಂದ 42. ಆದರೆ ಅಲ್ಲಿ ಹೆಚ್ಚಿನವು ಇನ್‌ಫೆಂಟ್ರಿ (ಕಾಲಾಳು) ಬೆಟಾಲಿಯನ್‌ಗಳು, ಫಿರಂಗಿ ಲೆಕ್ಕ ಕಲಿಯುವ ಆಸೆಯಿಂದ ಅದಕ್ಕೆ ಸೇರಬೇಡಿ.

ಅದೇ ಬೇಕು ಅಂದರೆ ರೆಗ್ಯುಲರ್ ಸೈನ್ಯದ ಆರ್ಟಿಲರಿಗೇ, ಅಂದರೆ ಫಿರಂಗಿ ದಳಕ್ಕೇ ಹೋಗಬೇಕು. ಹುಡುಗರ ತರಬೇತಿ ನಾಸಿಕ್ ರೋಡ್ ಮತ್ತು ಹೈದರಾಬಾದ್ ಆರ್ಟಿಲರಿ ಸೆಂಟರ್‌ಗಳಲ್ಲಿ, ಮುಂದಿನ ಗನ್ನರಿ ಕೋರ್ಸುಗಳು ದೇವಳಾಲಿಯ ಸ್ಕೂಲ್ ಆಫ್ ಆರ್ಟಿಲರಿಯಲ್ಲಿ. 2022ರಿಂದ ಸೈನಿಕರ ಭರ್ತಿ ಅಗ್ನಿವೀರ್ ಮೂಲಕ. ನಾಲ್ಕು ವರ್ಷ ಸೇವೆ, ಆಮೇಲೆ ಶೇ. 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ, ಇದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಟೆಕ್ನಿಕಲ್ ವಿಭಾಗಕ್ಕೆ ಪ್ಲಸ್ ಟೂ ಮೇಲೆ ಅರ್ಜಿ ಹಾಕುವುದಾದರೆ ಅದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಇರಬೇಕು. ತ್ರಿಕೋನಮಿತಿಯನ್ನು ಮಾತ್ರ ಪರೀಕ್ಷೆ ಮುಗಿದ ಮೇಲೂ ಬಿಡಬೇಡಿ.