ಅಬ್ಬಿ ನೀರಿಗೆ 4 ಕೆಜಿ ಪೈಪ್ ಸಾಕೇ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ತೋಟದ ಮನೆ. ಗುಡ್ಡದ ಅಬ್ಬಿ ನೀರನ್ನು ಪಿವಿಸಿ ಪೈಪಿನಲ್ಲಿ ಅಂಗಳಕ್ಕೆ ಇಳಿಸಿದ್ದೇವೆ. ಅಬ್ಬಿ ಇರುವುದು ಅಂಗಳಕ್ಕಿಂತ 45 ಮೀಟರ್ ಮೇಲೆ. ಅಂಗಡಿಯಲ್ಲಿ ‘4 ಕೆಜಿ ಪೈಪ್’ ಎಂದು ಕೊಟ್ಟರು. ಪೈಪಿನ ಮೇಲೆ 0.4 ಎಂಪಿಎ ಎಂದು ಅಚ್ಚಾಗಿದೆ. ಒತ್ತಡ ಅಳೆಯುವ ಗೇಜು ನೋಡಿದರೆ ಬಾರ್ ಲೆಕ್ಕದಲ್ಲಿ ತೋರಿಸುತ್ತದೆ: ನೀರು ಹರಿಯುವಾಗ 3, ವಾಲ್ವ್ ಮುಚ್ಚಿದಾಗ 4.4. ಪೈಪ್ ತಡೆಯುತ್ತದೆಯೇ?

ಉತ್ತರ: ಇದನ್ನು ಓದಿದ ದಿನದಿಂದಲೇ ಕೆಳಗಿನ ವಾಲ್ವ್ ಪೂರ್ತಿ ಮುಚ್ಚುವುದನ್ನು ನಿಲ್ಲಿಸಿ. ಟ್ಯಾಂಕು ತುಂಬಿದರೆ ಉಳಿದ ನೀರು ತೋಟಕ್ಕೆ ಹರಿಯಲಿ. ನಿಮ್ಮ ಪೈಪಿನ ಮೇಲೆ ಅದು ತಾಳುವಷ್ಟಕ್ಕಿಂತ ಜಾಸ್ತಿ ಒತ್ತಡ ಬೀಳುತ್ತಿದೆ.

ಲೆಕ್ಕ ಸುಲಭ. ಅಂಗಡಿಯವರ ‘ಕೆಜಿ’ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಕಿಲೋ ಭಾರ. 10 ಮೀಟರ್ ಎತ್ತರದ ನೀರು ಸರಿಯಾಗಿ 1 ಕೆಜಿ ಒತ್ತುತ್ತದೆ. ನಿಮ್ಮದು 45 ಮೀಟರ್, ಅಂದರೆ 4.5 ಕೆಜಿ. 1 ಕೆಜಿ ಎಂದರೆ 0.98 ಬಾರ್. ಗುಣಿಸಿದರೆ 4.41 ಬಾರ್. ನಿಮ್ಮ ಗೇಜು ಹೇಳುವುದೂ ಅದನ್ನೇ ಅಲ್ವಾ? ಇನ್ನು ಎಂಪಿಎ, ಅಂದರೆ ಮೆಗಾಪಾಸ್ಕಲ್. 1 ಎಂಪಿಎಗೆ 10 ಬಾರ್. ಹಾಗಾಗಿ 4.41 ಬಾರ್ ಎಂದರೆ 0.441 ಎಂಪಿಎ. ಪೈಪು ಬರೆದುಕೊಂಡಿರುವುದು 0.4 ಮಾತ್ರ. ಕೆಲವು ಗೇಜುಗಳಲ್ಲಿ ಕಿಲೋಪಾಸ್ಕಲ್ ಇರುತ್ತದೆ, ಅದರಲ್ಲಿ 100 ಸೇರಿದರೆ 1 ಬಾರ್.

ನೀರು ಹರಿಯುವಾಗಿನ 3 ಬಾರ್ ನೋಡಿ ಸಮಾಧಾನ ಪಡಬೇಡಿ. ನೀರು ಓಡುವಾಗ ಪೈಪಿನ ಗೋಡೆಗೆ ಉಜ್ಜಿ ಒತ್ತಡ ಕಳೆದುಕೊಳ್ಳುತ್ತದೆ. ನಿಂತ ನೀರಿಗೆ ಆ ನಷ್ಟವಿಲ್ಲ. ಪೈಪು ಎಷ್ಟು ಉದ್ದ, ಎಷ್ಟು ಇಂಚು ಎಂಬುದೂ ಆಗ ಲೆಕ್ಕಕ್ಕಿಲ್ಲ, ಎತ್ತರ ಒಂದೇ.

ನನ್ನ ಮನೆಯಲ್ಲೇ ಒಂದು ಮಾಗಿಯ ರಾತ್ರಿ ಹೀಗೇ ಆಯಿತು. ವಾಲ್ವ್ ಮುಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಕಪ್ಲಿಂಗ್ ಉದ್ದಕ್ಕೆ ಸೀಳಿತ್ತು. ಅಡಿಕೆ ಮರದ ಬುಡದ ಮಣ್ಣೆಲ್ಲ ಕೊಚ್ಚಿ ಬೇರು ಬಿಳಿಯಾಗಿ ಕಾಣುತ್ತಿತ್ತು. ಆ ಬಿಳಿ ಬೇರು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಪೂರ್ತಿ ಪೈಪು ಬದಲಿಸುವ ಖರ್ಚು ಬೇಡ. ಮೇಲಿನ ಭಾಗದಲ್ಲಿ ಒತ್ತಡ ಕಡಿಮೆ, ಅಲ್ಲಿ 4 ಕೆಜಿ ಸಾಕು. ಅಬ್ಬಿಯಿಂದ 30 ಮೀಟರ್ ಇಳಿದ ಮೇಲೆ 6 ಕೆಜಿ ಪೈಪ್ ಹಾಕಿ, ಅದು 60 ಮೀಟರ್ ನೀರು ತಡೆಯುತ್ತದೆ. ಇಲ್ಲವೇ ನಡುವೆ 20 ಮೀಟರ್ ಇಳಿದಲ್ಲಿ ಬಾಯಿ ತೆರೆದ ಸಣ್ಣ ತೊಟ್ಟಿ ಕಟ್ಟಿಸಿ. ಒತ್ತಡ ಅಲ್ಲಿಗೆ ಸೊನ್ನೆಯಾಗಿ, ಅಂಗಳದಲ್ಲಿ ಉಳಿಯುವುದು 2.5 ಕೆಜಿ ಅಷ್ಟೇ. ನನ್ನ ಮನಸ್ಸು ತೊಟ್ಟಿಯ ಕಡೆಗೇ. ಬರುವ ಕಸ, ಮರಳು ಅಲ್ಲೇ ಕೂರುತ್ತದೆ.

ಬಿಸಿಲಿಗೆ ಬಿದ್ದ ಪೈಪನ್ನು ಮಣ್ಣಲ್ಲಿ ಹೂಳಿ. ಬಿಸಿಯಾದಷ್ಟೂ ಪಿವಿಸಿ ಮೆತ್ತಗಾಗಿ ತಾಳಿಕೆ ಇಳಿಯುತ್ತದೆ. ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಓಡುವ ನೀರು ಗಕ್ಕನೆ ನಿಂತು ಪೈಪನ್ನು ಗುದ್ದುತ್ತದೆ. ಗೇಜಿನ ಮುಳ್ಳು ನೋಡಿಕೊಂಡು ನಿಧಾನ ತಿರುಗಿಸಿ.