ಹೊರಗಿನವರು ಬರೆದ ನಮ್ಮ ಸಂಕಟ

ಪ್ರಶ್ನೆ: ಮೇಷ್ಟ್ರೇ, ಬಿ.ಎ. ಓದುವ ಮಗಳು ಇಂಗ್ಲಿಷ್ ಕಾದಂಬರಿಕಾರ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಪಾಠದ ಜೊತೆಗೆ, ಅಮೆರಿಕದ ಪತ್ರಕರ್ತೆ ಕ್ಯಾಥರೀನ್ ಬೂ ನಮ್ಮ ಮುಂಬಯಿ ವಿಮಾನ ನಿಲ್ದಾಣದ ಪಕ್ಕದ ಅಣ್ಣಾವಾಡಿ ಜೋಪಡಪಟ್ಟಿಯ ಮೇಲೆ ಬರೆದ ‘ಬಿಹೈಂಡ್ ದ ಬ್ಯೂಟಿಫುಲ್ ಫಾರೆವರ್ಸ್’ ತಂದಿದ್ದಾಳೆ. ಅಂಧೇರಿಯಲ್ಲಿ ಹೋಟೆಲ್ ನಡೆಸುವ ನಮ್ಮ ಯಜಮಾನರು, “ಹೊರಗಿನವರು ಬಂದು ಬಡವರ ಕೊಳಕು ತೋರಿಸಿ ಬಹುಮಾನ ಹೊಡೀತಾರೆ, ಎರಡೂ ಒಂದೇ” ಅಂತಾರೆ. ಮಗಳು ಒಪ್ಪಲ್ಲ. ನೀವೇನಂತೀರಿ?
— ಓದುಗಿ, ಡೊಂಬಿವಲಿ

ಉತ್ತರ: ಯಜಮಾನರ ಸಿಟ್ಟಿಗೆ ಕಾರಣವಿದೆ ತಾಯಿ, ಆದರೆ ನಾನು ನಿಮ್ಮ ಮಗಳ ಕಡೆ. ಬರೆದವರು ಎಲ್ಲಿಯವರು, ಕೊಳಕು ತೋರಿಸಿದರೋ ಇಲ್ಲವೋ ಎಂದು ನಾನು ನೋಡುವುದಿಲ್ಲ. ನೊಂದವರಿಗೆ ಪುಸ್ತಕದಲ್ಲಿ ಬಾಯಿ ಇದೆಯೇ, ಕಸುಬು ಇದೆಯೇ, ಅವರ ಕಷ್ಟ ಎಲ್ಲಿಂದ ಬಂತೆಂದು ತಿಳಿಯುತ್ತದೆಯೇ ಎಂದು ನೋಡುತ್ತೇನೆ.

ಕಾನ್ರಾಡ್ 1890ರಲ್ಲಿ ಆಫ್ರಿಕದ ಕಾಂಗೋಗೆ ಹೋಗಿ ಬಂದವನು. ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ಆ ನಾಡನ್ನೇ ಸ್ವಂತ ಆಸ್ತಿ ಮಾಡಿಕೊಂಡು ಸುಲಿಯುತ್ತಿದ್ದ ಕಾಲ ಅದು. 1899ರಲ್ಲಿ ಬಂದ ಈ ಕತೆಯಲ್ಲಿ, ದುಡಿದು ಸವೆದ ಕೂಲಿಗಳು ಸಾಯಲೆಂದು ಮರಗಳ ನೆರಳಿಗೆ ಬಂದು ಬಿದ್ದಿದ್ದಾರೆ. ನಿರೂಪಕ ಒಬ್ಬ ಹುಡುಗನ ಕೈಗೆ ಬಿಸ್ಕತ್ತು ಕೊಡುತ್ತಾನೆ. ಹುಡುಗನ ಕೊರಳಲ್ಲೊಂದು ಬಿಳಿ ಉಣ್ಣೆಯ ತುಂಡು. ಅದು ಗುರುತೋ, ಅಲಂಕಾರವೋ, ಹರಕೆಯೋ ಎಂದು ತನ್ನಷ್ಟಕ್ಕೇ ಯೋಚಿಸುತ್ತಾನೆ, ಹುಡುಗನನ್ನು ಕೇಳುವುದಿಲ್ಲ. ಕೇಳಲು ಆಗುತ್ತಿರಲಿಲ್ಲವೇ? ಅದೇ ಕಾಂಗೋದ ಬಗ್ಗೆ ಬ್ರಿಟಿಷ್ ಕಾನ್ಸುಲ್ ರೋಜರ್ ಕೇಸ್‌ಮೆಂಟ್ ಕೊಟ್ಟ, 1904ರಲ್ಲಿ ಹೊರಬಂದ ಸರಕಾರಿ ವರದಿಯಲ್ಲಿ ಊರು ಬಿಟ್ಟು ಓಡಿದವರ, ಕೈ ಕಳೆದುಕೊಂಡವರ ಹೇಳಿಕೆಗಳಿವೆ. ಕಾನ್ರಾಡ್ ಆ ಲೂಟಿಗೆ ಹೇಸಿದ್ದು ನಿಜ. ಆದರೂ ಅವನ ಕತೆಯಲ್ಲಿ ಆಫ್ರಿಕದವರು ಮಾತಾಡುವುದೇ ಅಪರೂಪ. ನೈಜೀರಿಯದ ಕಾದಂಬರಿಕಾರ ಚಿನುವಾ ಅಚಿಬೆ 1975ರ ಉಪನ್ಯಾಸದಲ್ಲಿ ಇದನ್ನೇ ಎತ್ತಿ ಆಡಿದರು.

ಈಗ ಬೂ ಅವರ ಅಣ್ಣಾವಾಡಿಗೆ ಬನ್ನಿ. ಇದು ಕತೆಯಲ್ಲ, ನಿಜ ಬದುಕು. ಅಬ್ದುಲ್ ಗುಜರಿ ಕೊಂಡು, ವಿಂಗಡಿಸಿ, ಮಾರುವ ಹುಡುಗ. ಯಾವುದು ಯಾವ ರಾಶಿಗೆ, ಯಾವುದಕ್ಕೆ ಏನು ದರ ಎಂಬ ಅವನ ಲೆಕ್ಕ ಪುಸ್ತಕದುದ್ದಕ್ಕೂ ಇದೆ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಇಲ್ಲಿ ಅವನ ಗುಜರಿಯ ದರವೂ ಬೀಳುತ್ತದೆ. ಪಕ್ಕದ ಮನೆಯ ಫಾತಿಮಾ ಮೈಗೆ ಬೆಂಕಿ ಹಚ್ಚಿಕೊಂಡು ಅವನ ಮನೆಯವರ ಹೆಸರು ಹೇಳುತ್ತಾಳೆ. ಅಲ್ಲಿಂದ ಶುರು, ಲಂಚಕ್ಕೆ ಕೈಚಾಚಿ ನಿಲ್ಲುವವರ ಸಾಲು. ಮಂಜು ಎಂಬ ಹುಡುಗಿಯೊಬ್ಬಳು ಜೋಪಡಿಯಲ್ಲಿ ಕೂತು ವರ್ಜೀನಿಯಾ ವುಲ್ಫ್‌ಳ ‘ಮಿಸೆಸ್ ಡಾಲೊವೇ’ಯ ಸಾರಾಂಶ ಬಾಯಿಪಾಠ ಮಾಡುತ್ತಾಳೆ. ಆ ಪುಟಗಳಲ್ಲಿ ನಾನು ತುಂಬಾ ಹೊತ್ತು ನಿಂತೆ. ಮುಂಬಯಿಯ ಫೋರ್ಟ್ ಪ್ರದೇಶದ ರಾತ್ರಿಶಾಲೆಯಲ್ಲಿ ನನ್ನೆದುರು ಕೂರುತ್ತಿದ್ದ ಹೋಟೆಲ್ ಮಾಣಿಗಳು, ಲೋಟ ತೊಳೆದು ಸುಕ್ಕುಗಟ್ಟಿದ ಬೆರಳಲ್ಲಿ ಸಾಲು ಹಿಡಿದು ಇಂಗ್ಲಿಷ್ ಪ್ರಬಂಧಗಳನ್ನು ಹೀಗೆಯೇ ಉರು ಹೊಡೆಯುತ್ತಿದ್ದರು. ಅವರನ್ನು ಇಷ್ಟು ಹತ್ತಿರದಿಂದ ಯಾರೂ ಬರೆಯಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಬೂ ಅವರ ಮೇಲೆ ನನ್ನದೊಂದು ತಕರಾರೂ ಇದೆ. ಅವರು ದುಭಾಷಿಗಳನ್ನಿಟ್ಟುಕೊಂಡು ಮೂರು ವರ್ಷಕ್ಕೂ ಮೇಲೆ ಅಲ್ಲಿ ಓಡಾಡಿದವರು. ಅದನ್ನು ಹೇಳುವುದು ಮಾತ್ರ ಪುಸ್ತಕದ ಕೊನೆಯಲ್ಲಿ. ಇನ್ನು, ಅವರು ತೋರಿಸುವ ಬಡವರು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆಯೇ ಹೊರತು ಒಟ್ಟಾಗುವುದು ಕಾಣುವುದಿಲ್ಲ. 1982ರಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಊರು ಈ ಮುಂಬಯಿ. ಆ ನೆನಪು ಪುಸ್ತಕದಲ್ಲಿ ಇರಬೇಕಿತ್ತು. ಯಜಮಾನರು ಜಗಳವಾಡುವುದಾದರೆ ಇದನ್ನು ಹಿಡಿದು ಆಡಲಿ, ಆದರೆ ಮೊದಲು ಪುಸ್ತಕ ಓದಲಿ.

ಪ್ರಶ್ನೆ: ಬೇರೆ ದೇಶದ ಬದುಕಿನ ಕಾದಂಬರಿಯೊಂದನ್ನು ಇಂಗ್ಲಿಷಿನಲ್ಲೇ ಓದುವಾಸೆ. ನನ್ನ ಇಂಗ್ಲಿಷ್ ಸಾಧಾರಣ. ಯಾವುದು ಓದಲಿ?
— ಓದುಗ, ಪುಣೆ

ಉತ್ತರ: ಮೇಲೆ ಹೇಳಿದ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’, 1958ರದ್ದು. 25 ಚಿಕ್ಕ ಅಧ್ಯಾಯಗಳು, ಸರಳ ವಾಕ್ಯಗಳು, ಮಾತು ಮಾತಿಗೂ ಗಾದೆ. ನೈಜೀರಿಯದ ಇಗ್ಬೊ ಜನರ ಒಂದು ಹಳ್ಳಿಯ ಗೆಣಸಿನ ಬೆಳೆ, ನ್ಯಾಯಪಂಚಾಯ್ತಿ, ಮದುವೆ, ಕ್ರೌರ್ಯ ಎಲ್ಲವನ್ನೂ ಒಳಗಿನಿಂದಲೇ ಕಾಣುತ್ತೀರಿ. ಕೊನೆಯ ಪುಟದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ತಾನು ಬರೆಯಲಿರುವ ಪುಸ್ತಕದಲ್ಲಿ ಕಥಾನಾಯಕ ಒಕಾಂಕ್ವೊಗೆ ಒಂದು ಪ್ಯಾರಾ ಸಾಕು ಎಂದುಕೊಳ್ಳುತ್ತಾನೆ. ದಯವಿಟ್ಟು ಆ ಪುಟವನ್ನು ಮೊದಲೇ ತಿರುವಿ ನೋಡಬೇಡಿ.